ಉಳ್ಳಾಗಡ್ಡಿ ಸಿಪ್ಪೆಯ ಚೀಲ

ಸಶಸ್ತ್ರ ಸಂಘರ್ಷಗಳ ಅಂತರರಾಷ್ಟ್ರೀಯ ಕಾನೂನು ಎಂಬ ವಿಷಯವನ್ನು ನಾನು ಆರಿಸಿಕೊಂಡದ್ದು ಮನುಕುಲದ ಮೇಲಿನ ಪ್ರೀತಿಯಿಂದಲ್ಲ. ಮರಾಠಿ ಸೀಮೆಯ ಈ ದೊಡ್ಡ ಊರಿನ ಶಿವಾಜಿನಗರದಲ್ಲಿದ್ದ ನಮ್ಮ ಕಾಲೇಜಿನಲ್ಲಿ ಉಳಿದ ಐಚ್ಛಿಕ ವಿಷಯಗಳ ತರಗತಿಗಳು ಬೆಳಿಗ್ಗೆ ಎಂಟಕ್ಕೆ ಇರುತ್ತಿದ್ದವು, ಇದೊಂದು ಮಾತ್ರ ಹನ್ನೊಂದಕ್ಕೆ. ಎಂಟು ಗಂಟೆಗೆ ನಾನು ಮಾರ್ಕೆಟ್ ಯಾರ್ಡಿನಲ್ಲಿ ಇರಬೇಕಿತ್ತು. ಬಿಬವೇವಾಡಿಯ ಮನೆಯಿಂದ ಅವ್ವ ಕಟ್ಟಿಕೊಟ್ಟ ರೊಟ್ಟಿಯ ಡಬ್ಬಿಯನ್ನು ಅಲ್ಲಿ ಹಮಾಲಿ ಮಾಡುವ ಅಪ್ಪನಿಗೆ ಮುಟ್ಟಿಸಿ, ಹಮಾಲರ ನಡುವೆ ಅರ್ಧ ಗಂಟೆ ಮಂಗಾಟ ಮಾಡಿ, ಆಮೇಲೆ ಬಸ್ಸು ಹಿಡಿಯುವುದು ನನ್ನ ದಿನಚರಿ. ಮಂಗಾಟ ಎಂದರೆ ನಕಲು. ಯಾರ ನಡಿಗೆ, ಯಾರ ಕೆಮ್ಮು, ಯಾರು ಹೇಗೆ ಬೀಡಿ ಹಚ್ಚುತ್ತಾರೆ, ಒಮ್ಮೆ ನೋಡಿದರೆ ಸಾಕು, ನನ್ನ ಮೈಗೆ ಅಂಟಿಬಿಡುತ್ತಿತ್ತು. ಓದಿದ ಕಾನೂನು ಮಾತ್ರ ಏನು ಮಾಡಿದರೂ ಅಂಟುತ್ತಿರಲಿಲ್ಲ.

ಪಾಠ ಮಾಡುತ್ತಿದ್ದವರು ಸೈನ್ಯದ ಕಾನೂನು ವಿಭಾಗದಿಂದ ನಿವೃತ್ತರಾದ ಒಬ್ಬ ಸರ್. ಮರಾಠಿಗೆ ಇಂಗ್ಲಿಷ್ ಬೆರೆಸಿ ಮಾತಾಡುತ್ತಿದ್ದರು, ಪ್ರತಿ ವಾಕ್ಯಕ್ಕೂ ಮುಂಚೆ ಬೂಟಿನ ಹಿಮ್ಮಡಿಯನ್ನು ಒಮ್ಮೆ ನೆಲಕ್ಕೆ ಕುಟ್ಟುತ್ತಿದ್ದರು. ಅವರ ನಕಲನ್ನು ನಾನು ಎರಡನೆಯ ದಿನವೇ ಕಲಿತೆ. ಮೊದಲ ದಿನ ಅವರು ಹೇಳಿದ್ದನ್ನು ನನ್ನ ಕನ್ನಡದಲ್ಲಿ ಹೇಳುವುದಾದರೆ ಹೀಗೆ: "ಜಗಳ ಯಾರು ಶುರು ಮಾಡಿದರು ಅನ್ನೋದು ಒಂದು ಪುಸ್ತಕ. ಜಗಳ ಹೇಗೆ ಆಡಿದಿರಿ ಅನ್ನೋದು ಬೇರೆ ಪುಸ್ತಕ. ನಾವು ಓದೋದು ಎರಡನೆಯದು. ನೀನು ನ್ಯಾಯವಂತನೇ ಇರು, ಅನ್ಯಾಯವಂತನೇ ಇರು, ಬಿದ್ದವನಿಗೆ ಗುಂಡು ಹಾಕುವಂತಿಲ್ಲ."

ಒಂದು ತಿಂಗಳಲ್ಲಿ ನನಗೆ ಈ ಕಾನೂನಿನ ಮೇಲೆ ಸಿಟ್ಟೇ ಬಂತು. ಬೇರೆ ಕಾನೂನುಗಳಿಗೆ ಪೊಲೀಸರಿದ್ದಾರೆ, ಕೋರ್ಟಿನ ಅಮೀನರಿದ್ದಾರೆ, ತಾರೀಖು ಮುಂದೂಡಲು ಗುಮಾಸ್ತರಾದರೂ ಇದ್ದಾರೆ. ಇದಕ್ಕೆ ಯಾರು? ಬಾಂಬು ಹಾಕುವವನ ವಿಮಾನದ ಕೆಳಗೆ ನಿಂತು, "ಸ್ವಾಮಿ, ತಾವು ಜಿನೀವಾದಲ್ಲಿ ಸಹಿ ಮಾಡಿದ್ದಿರಿ" ಎಂದು ಕೂಗಬೇಕೇ? ಗಾಯಾಳು ಸೈನಿಕ, ಹಡಗು ಒಡೆದು ನೀರಿಗೆ ಬಿದ್ದ ನಾವಿಕ, ಸೆರೆಯಾಳು, ಸಾಮಾನ್ಯ ನಾಗರಿಕ, ಇವರಿಗೆಲ್ಲ ಒಂದೊಂದು ಒಪ್ಪಂದ. ಒಟ್ಟು ನಾಲ್ಕು. ಅವಕ್ಕೆ ಬಾಲದಂತೆ ಪ್ರೋಟೊಕಾಲುಗಳು. ಆ ಬಾಲಕ್ಕೆ ನಮ್ಮ ದೇಶ ಸಹಿಯನ್ನೇ ಹಾಕಿಲ್ಲ ಎಂದು ಗೊತ್ತಾದಾಗ ನಾನು ಎದ್ದು ನಿಂತು, "ಹಾಗಾದರೆ ಅದನ್ನ ಪರೀಕ್ಷೆಗೆ ಓದೋದು ಯಾಕೆ ಸರ್?" ಎಂದೆ.

ಸರ್ ಹಿಮ್ಮಡಿ ಕುಟ್ಟಿದರು. "ಸಹಿ ಹಾಕದಿದ್ದರೂ ಕೆಲವು ರೂಢಿಗಳು ಬಿಡೋದಿಲ್ಲ. ಎಲ್ಲರೂ ಪಾಲಿಸ್ತಾರೆ, ಪಾಲಿಸಲೇಬೇಕು ಅಂದುಕೊಂಡು ಪಾಲಿಸ್ತಾರೆ. ಅಷ್ಟು ಸಾಕು, ಅದು ಕಾನೂನು. ಕೂತ್ಕೋ."

ಇದು ನನಗೆ ಶುದ್ಧ ಬೊಗಳೆ ಎನಿಸಿತು. ಅಂಥದೊಂದು ರೂಢಿಯ ನೆರಳಲ್ಲೇ ನಮ್ಮಪ್ಪ ಇಪ್ಪತ್ತು ವರ್ಷ ಬದುಕಿದ್ದ ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ.

ಆ ರೂಢಿ ಇದು. ಮಾರ್ಕೆಟ್ ಯಾರ್ಡಿನಲ್ಲಿ ಬೆನ್ನ ಮೇಲೆ ಚೀಲ ಹೊತ್ತವನು "ವಜನ್! ವಜನ್!", ಅಂದರೆ ಭಾರ ಬರುತ್ತಿದೆ, ಎಂದು ಕೂಗುತ್ತ ಬಂದರೆ ಎದುರಿಗಿದ್ದವರೆಲ್ಲ ದಾರಿ ಬಿಡಬೇಕು. ವ್ಯಾಪಾರಿ, ಗಿರಾಕಿ, ಎಮ್ಮೆ, ಪೊಲೀಸಪ್ಪ, ಯಾರೇ ಇರಲಿ. ಮುಖ್ಯವಾಗಿ, ಹಮಾಲರ ಎರಡು ಟೋಳಿಗಳ ನಡುವೆ ಜಗಳ ನಡೆಯುತ್ತಿದ್ದರೂ ಭಾರ ಹೊತ್ತವನನ್ನು ಯಾರೂ ಮುಟ್ಟುವಂತಿಲ್ಲ, ತಡೆಯುವಂತಿಲ್ಲ. ಅವನು ಆ ಹೊತ್ತಿಗೆ ಜಗಳದಲ್ಲಿ ಇಲ್ಲ. ಅವನೂ ಅಷ್ಟೇ, ಚೀಲ ಇಳಿಸುವವರೆಗೆ ಬೈಗುಳವನ್ನೂ ಬೈಯುವಂತಿಲ್ಲ. ಕಾರಣ ಸರಳ. ಒಂದು ಕ್ವಿಂಟಲ್ ಆಲೂಗಡ್ಡೆ ಬೆನ್ನಿಗಿದ್ದಾಗ ನಡೆಯುವುದು ಅಷ್ಟು ಕಷ್ಟವಲ್ಲ, ನಿಲ್ಲುವುದು ಕಷ್ಟ. ನಿಂತರೆ ಇಡೀ ಭಾರ ಮೊಣಕಾಲಿಗೆ ಇಳಿಯುತ್ತದೆ. ಒಬ್ಬನೇ ಇಳಿಸಲೂ ಆಗುವುದಿಲ್ಲ. ಅಪ್ಪನ ಬಲಮೊಣಕಾಲು ಆಗಲೇ ಸವೆದಿತ್ತು. ಅವನು ಇನ್ನೂ ದುಡಿಯುತ್ತಿದ್ದನೆಂದರೆ, ಆ ಕೂಗಿಗೆ ದಾರಿ ತೆರೆಯುತ್ತಿತ್ತು ಎಂಬ ಒಂದೇ ಕಾರಣಕ್ಕೆ.

ಆ ವರ್ಷ ಯಾರ್ಡಿನಲ್ಲಿ ಒಂದು ಹೊಸ ಶೆಡ್ಡು ಕಟ್ಟಿದರು. ಅಲ್ಲಿನ ಲಾರಿಗಳನ್ನು ಯಾವ ಟೋಳಿ ತುಂಬಬೇಕೆಂದು ಯಾರೂ ತೀರ್ಮಾನ ಮಾಡಿರಲಿಲ್ಲ. ನಮ್ಮ ಟೋಳಿಯವರು ಯಾದಗಿರಿ ಕಡೆಯವರು. ಎದುರಿನ ಟೋಳಿಯವರೂ ನಮ್ಮ ಕಡೆಯವರೇ, ಎರಡು ತಾಲೂಕು ಆಚೆ. ಅದೇ ರೊಟ್ಟಿ, ಅದೇ ಪುಂಡಿಪಲ್ಯ, ಬೈಗುಳವೂ ಅದೇ. ಹಾಗಾಗಿ ಜಗಳ ಇನ್ನೂ ಜೋರು. ಎಂಟು ದಿನ ನೂಕಾಟ, ತಳ್ಳಾಟ, ಕೊಳೆತ ಟೊಮೆಟೊದ ಎರಚಾಟ. ನೂಕಾಟಕ್ಕೆ ಇಳಿಯುವ ಮುಂಚೆ ಎರಡೂ ಕಡೆಯವರು ಚೀಲ ಎಳೆಯುವ ಕಬ್ಬಿಣದ ಕೊಕ್ಕೆಗಳನ್ನು ಮೂಲೆಯ ಹೋಟೆಲಿನಲ್ಲಿ ಹಣ ತಗೊಳ್ಳುವ ಗಲ್ಲೆಯ ಮೇಲೆ ಇಟ್ಟು ಬರಬೇಕು, ಇದೂ ರೂಢಿ. ಹೋಟೆಲಿನವರು ಕುಂದಾಪುರದ ಕಡೆಯವರು. ದೊಡ್ಡ ಹೊಟ್ಟೆ, ಸಣ್ಣ ಧ್ವನಿ. ನಮ್ಮ ಸ್ವಿಟ್ಜರ್ಲೆಂಡ್ ಎಂದರೆ ಅವರೇ. ಬೆಳಿಗ್ಗೆ ಬೆಳಿಗ್ಗೆಯೇ ಕೇಳುತ್ತಿದ್ದರು: "ಎಂತ ಮಾರಾಯ್ರೆ, ಇವತ್ತು ಯುದ್ಧ ಉಂಟಾ? ಉಂಟಾದ್ರೆ ನಾನು ಇಡ್ಲಿ ಸ್ವಲ್ಪ ಜಾಸ್ತಿ ಬೇಯಿಸ್ತೆ."

ಒಂಬತ್ತನೆಯ ದಿನ, ಒಂದು ಸೋಮವಾರ, ಶೆಡ್ಡಿಗೆ ದೊಡ್ಡ ಲಾರಿ ಬಂದು ನಿಂತಿತು. ಲಾರಿಯೊಳಗೆ ಮೊದಲ ಚೀಲ ಯಾರು ಹಾಕುತ್ತಾರೋ ಲಾರಿ ಆ ಟೋಳಿಯದು. ಎದುರಿನವರು ನಮಗಿಂತ ಮೊದಲೇ ಬಂದು ಶೆಡ್ಡಿನ ಬಾಯಿಗೆ ಅಡ್ಡಲಾಗಿ ಹೆಗಲಿಗೆ ಹೆಗಲು ಕೊಟ್ಟು ನಿಂತಿದ್ದರು. ಅವರ ಮುಕಾದಮ, ಅಂದರೆ ಟೋಳಿಯ ಹಿರಿಯ, ಚಾಲಕನ ಜೊತೆ ಸೇರಿ ಲಾರಿಯ ಹಿಂದಿನ ಹಲಗೆ ಇಳಿಸಲು ಗುದ್ದಾಡುತ್ತಿದ್ದ. ತುಂಬಬೇಕಾದ ಚೀಲಗಳೆಲ್ಲ ಒಳಗಿದ್ದವು, ನಮ್ಮವರು ಹೊರಗೆ ನಿಂತು ಹಲ್ಲು ಕಡಿಯುತ್ತಿದ್ದರು.

ನನ್ನ ಕೈಯಲ್ಲಿ ರೊಟ್ಟಿಯ ಡಬ್ಬಿ ಇತ್ತು. ಪಕ್ಕದಲ್ಲಿ ಉಳ್ಳಾಗಡ್ಡಿ ಸಿಪ್ಪೆ ತುಂಬಿದ ಒಂದು ಕಸದ ಚೀಲ ಬಿದ್ದಿತ್ತು. ಊದಿಕೊಂಡು ಥೇಟ್ ತುಂಬಿದ ಚೀಲದಂತೆಯೇ ಕಾಣುತ್ತಿತ್ತು, ಎತ್ತಿದರೆ ಎರಡು ಕಿಲೋ ಇಲ್ಲ. ನನಗೆ ಕೆಟ್ಟ ಬುದ್ಧಿ ಹೊಳೆಯಲು ಅಷ್ಟು ಸಾಕಾಯಿತು. ಡಬ್ಬಿ ಕೆಳಗಿಟ್ಟೆ. ತಲೆಗೊಂದು ಗೋಣಿ ತಟ್ಟು ಹೊದ್ದೆ. ಚೀಲ ಬೆನ್ನಿಗೇರಿಸಿದೆ. ಮೊಣಕಾಲು ಮಡಿಸಿದೆ, ಕತ್ತು ಮುಂದಕ್ಕೆ ಚಾಚಿದೆ, ಉಸಿರನ್ನು ಅರ್ಧಕ್ಕೇ ತುಂಡು ಮಾಡಿದೆ. ಅಪ್ಪನ ಬಲಗಾಲು ಹೇಗೆ ಒಂದು ಕ್ಷಣ ತಡವಾಗಿ ನೆಲ ಮುಟ್ಟುತ್ತದೋ ಹಾಗೇ ಮುಟ್ಟಿಸಿದೆ. ಅಪ್ಪನದೇ ಸೀಳು ಧ್ವನಿಯಲ್ಲಿ ಕೂಗಿದೆ: "ವಜನ್! ವಜನ್!"

ಸಾಲು ಬಾಗಿಲಿನಂತೆ ತೆರೆಯಿತು. ಒಬ್ಬನಂತೂ, "ಸಾವಕಾಶ ಹೋಗ್ರಿ ಕಾಕಾ, ಕೆಳಗ ಎಣ್ಣಿ ಚೆಲ್ಲೇದ" ಎಂದ. ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. ಆಗ ಮಾತ್ರ ಗೋಣಿಯೊಳಗೆ ನಗು ತಡೆಯುವುದೇ ದೊಡ್ಡ ಪಾಡಾಗಿತ್ತು. ಒಳಗೆ ಹೋದವನೇ ಸಿಪ್ಪೆಯ ಚೀಲ ಬಿಸಾಡಿ, ಕಟ್ಟೆಯ ಅಂಚಿಗಿದ್ದ ಆಲೂಗಡ್ಡೆ ಚೀಲವೊಂದನ್ನು ಎರಡೂ ಕೈಯಿಂದ ದೂಡಿ ಲಾರಿಯೊಳಕ್ಕೆ ಉರುಳಿಸಿದೆ. ಹಲಗೆ ಆಗಷ್ಟೇ ಇಳಿದಿತ್ತು, ಕಟ್ಟೆ ಲಾರಿಯ ಮಟ್ಟಕ್ಕೇ ಇತ್ತು, ಪುಣ್ಯ. ಆಮೇಲೆ ಕುಣಿದೆ.

ಎದುರಿನ ಮುಕಾದಮ ಮೊದಲು ಕಾನೂನು ಮಾತಾಡಿದ. "ಇವಗ ಹಮಾಲರ ಬಿಲ್ಲೆ ಅದ ಏನು? ಇಂವ ಟೋಳಿಯವನೇ ಅಲ್ಲ!" ಅಂದ. ತೋಳಿನ ಬಿಲ್ಲೆ ಇಲ್ಲದವನು ಹೋರಾಟಗಾರನೇ ಅಲ್ಲವೆಂಬ ವಾದ ನಮ್ಮ ಪಠ್ಯದಲ್ಲೂ ಇತ್ತು, ನಾನು ಆ ಪಾಠದಲ್ಲಿ ನಿದ್ದೆ ಹೊಡೆದಿದ್ದೆ. ಲಾರಿಯ ಚಾಲಕನಿಗೆ ಹೊತ್ತಾಗಿತ್ತು. ಚೀಲ ಬಿತ್ತಲ್ಲ, ತುಂಬ್ರಿ ಎಂದು ಗದರಿದ. ಲಾರಿ ನಮ್ಮದಾಯಿತು. ನಮ್ಮವರು ನನ್ನನ್ನು ಎತ್ತಿ ಕುಣಿಸಿದರು. "ವಕೀಲ ಆಗೂ ಮೊದಲೇ ಕೇಸ್ ಗೆದ್ದಾನ!" ಎಂದರು. ಅಪ್ಪ ಮಾತ್ರ ಆ ಚೀಲವನ್ನು ಕಾಲಿನಿಂದ ಮುಟ್ಟಿ ನೋಡಿದ.

"ಏನದ ಇದರಾಗ?"

"ಉಳ್ಳಾಗಡ್ಡಿ ಸಿಪ್ಪಿ."

"ಹಂ," ಎಂದು ಡಬ್ಬಿ ಬಿಚ್ಚಿದ. ರೊಟ್ಟಿ ತಣ್ಣಗಾಗಿತ್ತು.

ಬುಧವಾರ ತರಗತಿಗೆ ಹೋದೆ. ಸರ್ ಬೋರ್ಡಿನ ಮೇಲೆ ಎರಡು ಶಬ್ದ ಬರೆದಿದ್ದರು. ಒಂದು ಯುದ್ಧತಂತ್ರ, ಒಂದು ವಿಶ್ವಾಸಘಾತ. ಮೊದಲನೆಯದು ಮಾಡಬಹುದು: ಸುಳ್ಳು ತೋಪು ನಿಲ್ಲಿಸು, ಎಲೆ ಹೊದ್ದುಕೊಂಡು ಅಡಗು, ಬಲಕ್ಕೆ ಹೋಗುವಂತೆ ಮಾಡಿ ಎಡಕ್ಕೆ ಹೋಗು. ಎರಡನೆಯದು ಮಾಡಬಾರದು.

"ಏಯ್ ನಕಲಿ," ಎಂದು ಸರ್ ನನ್ನನ್ನೇ ಕರೆದರು. ನನ್ನ ನಕಲಿನ ಸುದ್ದಿ ಅವರಿಗೂ ಮುಟ್ಟಿತ್ತು ಎಂದಾಯಿತು. "ಬಾ ಇಲ್ಲಿ. ನೀನು ಗಾಯಾಳು ಸೈನಿಕ. ಕುಂಟು."

ಕುಂಟಿದೆ. ಇದಕ್ಕಾಗಿಯೇ ಹುಟ್ಟಿದವನಂತೆ ಕುಂಟಿದೆ. ಶತ್ರುವೆಂದು ಸರ್ ಎದುರಿಗೆ ನಿಲ್ಲಿಸಿದ್ದ ಸಹಪಾಠಿಯೊಬ್ಬ ಬಂದೂಕಿನಂತೆ ಹಿಡಿದಿದ್ದ ಅಳತೆಪಟ್ಟಿಯನ್ನು ನನ್ನನ್ನು ನೋಡಿ ಕೆಳಗಿಳಿಸಿದ. ಸರ್ ನನ್ನ ಕಿವಿಯಲ್ಲಿ, "ಈಗ ಹೊಡಿ" ಎಂದರು. ಬೆರಳಿನಿಂದ ಢಂ ಎಂದೆ. ಇಡೀ ತರಗತಿ ಚಪ್ಪಾಳೆ ತಟ್ಟಿತು.

ಸರ್ ನಗಲಿಲ್ಲ. ಹಿಂದಿನ ಬೆಂಚಿನಿಂದ ಇನ್ನೊಬ್ಬನನ್ನು ಕರೆದರು. "ಈಗ ನೀನು ಗಾಯಾಳು. ನಿಜವಾದ ಗಾಯಾಳು." ಅವನು ಎರಡು ಹೆಜ್ಜೆ ಕುಂಟಿದ್ದನೋ ಇಲ್ಲವೋ, ಅಳತೆಪಟ್ಟಿಯವನು ಢಂ ಢಂ ಎಂದುಬಿಟ್ಟ.

ಸರ್ ಬೂಟು ಕುಟ್ಟಿದರು. "ನೋಡಿದಿರಾ? ಇವನಿಗೆ ಯಾರೂ ಹೇಳಿಕೊಡಲಿಲ್ಲ. ಮೊದಲನೆಯವನು ಶತ್ರುವನ್ನ ಕೊಂದದ್ದು ಯುದ್ಧ. ತನ್ನ ಹಿಂದೆ ಬರೋ ಗಾಯಾಳುವನ್ನ ಕೊಲ್ಲಿಸಿದ್ದು ವಿಶ್ವಾಸಘಾತ."

ನಾನು ಇನ್ನೂ ಅಲ್ಲೇ, ಬೋರ್ಡಿನ ಹತ್ತಿರ, ಒಂದು ಕಾಲು ಮಡಿಸಿಕೊಂಡು ನಿಂತಿದ್ದೆ. ಸಾಕು ಕೂತ್ಕೋ ಎಂದು ಅವರು ಎರಡು ಸಲ ಹೇಳಬೇಕಾಯಿತು.

ಗುರುವಾರ ಬೆಳಿಗ್ಗೆ ಡಬ್ಬಿ ಹಿಡಿದು ಓಡಿದೆ. ಬೇಗ ಹೋದರೆ ಏನೋ ತಪ್ಪಿಸಿಬಿಡುತ್ತೇನೆ ಎಂಬಂತೆ. ತಡವಾಗಿತ್ತು. ಅಪ್ಪ ಹೊಸ ಶೆಡ್ಡಿನ ಮುಂದಿನ ಓಣಿಯಲ್ಲಿ ನಿಜವಾದ ಚೀಲ ಹೊತ್ತು "ವಜನ್! ವಜನ್!" ಎನ್ನುತ್ತಿದ್ದ. ಎದುರಿನ ಟೋಳಿಯ ಐದಾರು ಜನ ಓಣಿ ತುಂಬ ನಿಂತಿದ್ದರು. ಯಾರೂ ಅವನನ್ನು ಮುಟ್ಟಲಿಲ್ಲ, ಬೈಯಲೂ ಇಲ್ಲ. ಸುಮ್ಮನೆ ಸರಿಯಲಿಲ್ಲ, ಅಷ್ಟೇ. ಒಬ್ಬ ತಂಬಾಕು ತಿಕ್ಕುತ್ತ, "ಯಾಕ ಕಾಕಾ, ಸಿಪ್ಪಿ ಭಾಳ ಭಾರ ಆದವೇನು?" ಎಂದ.

ಅಪ್ಪನ ಮೊಣಕಾಲು ಮೊದಲು ನಡುಗಿತು, ಆಮೇಲೆ ಮಡಿಯಿತು. ನಾನು ಡಬ್ಬಿ ಬಿಸಾಡಿ ಓಡಿದೆ. ನನಗಿಂತ ಮೊದಲು ಎದುರಿನ ಮುಕಾದಮನೇ ಜಿಗಿದು ಚೀಲವನ್ನು ಪಕ್ಕಕ್ಕೆಳೆದ. ಆಲೂಗಡ್ಡೆ ಓಣಿಯ ತುಂಬ ಉರುಳಿದವು. "ಏ, ಖರೇ ವಜನ್ ಅದಲೇ!" ಎಂದು ಅವನು ತನ್ನವರ ಮೇಲೆಯೇ ಕೂಗಿದ. ಹೋಟೆಲಿನವರು ಸೋಡಾದ ಪೆಟ್ಟಿಗೆಯ ಮಂಜುಗಡ್ಡೆ ತಂದು ಅಪ್ಪನ ಕಾಲಿಗಿಟ್ಟರು. ಅಪ್ಪ ನನ್ನ ಕಡೆ ನೋಡಲೂ ಇಲ್ಲ. ಬೈದಿದ್ದರೆ ಅವನ ಬೈಗುಳವನ್ನು ನಕಲು ಮಾಡಿಯಾದರೂ ಬಚಾವಾಗುತ್ತಿದ್ದೆ.

ಹನ್ನೆರಡು ದಿನ ಅವನು ಮನೆಯಲ್ಲಿ ಕೂತ. ಆ ಹನ್ನೆರಡು ದಿನ ನಾನು ಪುಸ್ತಕಗಳ ಮೇಲೆ ಬಿದ್ದೆ. ಜನ್ಮದಲ್ಲಿ ಮೊದಲ ಸಲ ಗ್ರಂಥಾಲಯದ ಗುಮಾಸ್ತರಿಗೆ ನನ್ನ ಮುಖ ಪರಿಚಯವಾಯಿತು. ನನಗೆ ಬೇಕಾದ್ದು ಒಂದೇ: ಅಪ್ಪ ಮತ್ತೆ ಕೆಲಸಕ್ಕೆ ಹೋದಾಗ ಆ ಕೂಗಿಗೆ ದಾರಿ ಬಿಡುವಂತೆ ಮಾಡುವ ಒಂದು ಕಲಮು. ಸಿಕ್ಕಿತು ಕೂಡ. ನಾಲ್ಕೂ ಒಪ್ಪಂದಗಳ ಮೊದಲ ಕಲಮಿನಲ್ಲೇ ಇತ್ತು, ಎಲ್ಲಾ ಸಂದರ್ಭಗಳಲ್ಲೂ ಪಾಲಿಸತಕ್ಕದ್ದು. ಎದುರಿನವನು ಮುರಿದ ಎಂಬುದು ನೆಪವಲ್ಲ. ಭಾನುವಾರ ಬೆಳಿಗ್ಗೆ ಅದನ್ನು ಬಾಯಿಪಾಠ ಮಾಡಿಕೊಂಡು ಹೋಟೆಲಿನಲ್ಲಿ ಎದುರಿನ ಮುಕಾದಮನ ಮುಂದೆ ಕೂತೆ. ಎರಡೂ ಟೋಳಿಯವರನ್ನು ಕೂರಿಸಿದ್ದು ಹೋಟೆಲಿನವರು. ಕೊಕ್ಕೆಗಳು ಗಲ್ಲೆಯ ಮೇಲಿದ್ದವು.

"ತಪ್ಪು ನಂದರಿ," ಎಂದೆ. "ಆದ್ರ ಒಬ್ಬಂವ ನಿಯಮ ಮುರಿದಾಂತ ಇನ್ನೊಬ್ಬಂವ ಮುರೀಬಾರದು. ಹಂಗಂತ ಕಾನೂನದಾಗೇ ಬರದದರಿ."

"ಬರದಾಂವ ಯಾರು?"

"ಜಿನೀವಾದಾಗ, ಎಲ್ಲಾ ದೇಶದವರು ಕೂಡಿ..."

"ಅವರು ಚೀಲ ಹೊತ್ತಾರ?"

ಹೋಟೆಲ್ ಪೂರಾ ನಕ್ಕಿತು. ಮುಕಾದಮ ಚಹಾ ಬಶಿಗೆ ಸುರಿದುಕೊಂಡ. "ತಮ್ಮಾ, ದಾರಿ ಬಿಡಬಾರದಂತ ನನಗೇನು ಹಟ ಇಲ್ಲ. ನಿಮ್ಮಪ್ಪ ಬಿದ್ದಾಗ ಮೊದಲ ಚೀಲ ಎಳದಾಂವ ನಾನೇ. ಆದ್ರ ನಾಳಿ ಒಬ್ಬಂವ ವಜನ್ ಅಂತ ಬರ್ತಾನ. ಖರೇದೋ ಸುಳ್ಳೋ ನನಗ ಹ್ಯಾಂಗ ತಿಳೀಬೇಕು? ನಿನ್ನ ಜಿನೀವಾ ಬಂದು ಮುಟ್ಟಿ ನೋಡ್ತದೇನು?"

ನಮ್ಮವನೊಬ್ಬ, "ನಡಿಗಿ ನೋಡಿದ್ರ ತಿಳೀತದಲ್ರಿ," ಎಂದ.

"ಹೌದಾ?" ಎಂದ ಮುಕಾದಮ ನನ್ನ ಕಡೆ ತಿರುಗಿ. "ಏಳು. ಅವತ್ತು ಹ್ಯಾಂಗ ನಡದಿ, ಮಾಡಿ ತೋರಸು."

ಒಂದು ಖಾಲಿ ಗೋಣಿಯನ್ನು ಕೈಗೆ ಕೊಟ್ಟರು. ಬೇಡ ಎನ್ನಲು ನನಗೆ ಯಾವ ಅಧಿಕಾರವಿತ್ತು? ಟೇಬಲುಗಳ ನಡುವೆ, ಎರಡೂ ಟೋಳಿಗಳ ಎದುರು, ಅಪ್ಪನಂತೆ ಬಾಗಿದೆ. ಅಪ್ಪನ ಬಲಗಾಲನ್ನು ತಡವಾಗಿ ಊರಿದೆ. ಅಪ್ಪನ ಉಸಿರು ತೆಗೆದೆ. ಬೇಕೆಂದೇ ಕೆಟ್ಟದಾಗಿ ಮಾಡೋಣವೆಂದುಕೊಂಡಿದ್ದೆ, ಮೈ ಕೇಳಲಿಲ್ಲ. ಜೀವಮಾನದಲ್ಲಿ ಅಷ್ಟು ಚೆನ್ನಾಗಿ ನಾನು ಯಾರನ್ನೂ ನಕಲು ಮಾಡಿರಲಿಲ್ಲ. ಒಬ್ಬನೂ ನಗಲಿಲ್ಲ. ಬಾಗಿಲ ಹತ್ತಿರ ಕೂತಿದ್ದವನೊಬ್ಬ ಗೊತ್ತಿಲ್ಲದೇ ಕಾಲು ಹಿಂದಕ್ಕೆಳೆದುಕೊಂಡು ದಾರಿ ಬಿಟ್ಟ.

"ನೋಡ್ರಿ," ಎಂದ ಮುಕಾದಮ, ಮೆಲ್ಲಗೆ. "ನನಗ ಇವಗೂ ಅವರಪ್ಪಗೂ ಫರಕ ಕಾಣವಲ್ದು."

ಕೊನೆಗೆ ದಾರಿ ತೋರಿಸಿದವರು ಹೋಟೆಲಿನವರು. "ಒಂದು ಕೆಲಸ ಮಾಡಿ ಮಾರಾಯ್ರೆ. ಕೊಕ್ಕೆ ಉಂಟಲ್ಲ, ಅದರ ತುದಿಯಿಂದ ಚೀಲ ಒಮ್ಮೆ ಚುಚ್ಚಿ ನೋಡಿ. ಗಟ್ಟಿ ಉಂಟಾ, ಬಿಡಿ. ಇಲ್ವಾ, ಒದೀರಿ." ಎರಡೂ ಕಡೆಯವರು ಒಪ್ಪಿದರು. ಹೊಸ ಶೆಡ್ಡಿನ ಲಾರಿಗಳು ದಿನ ಬಿಟ್ಟು ದಿನ ಎಂದು ಅದೇ ಕೂಟದಲ್ಲಿ ಹಂಚಿಕೆಯೂ ಆಯಿತು. ನೂಕಾಟ ನಿಂತಿತು. ಎಲ್ಲರಿಗೂ ಸಮಾಧಾನವಾಯಿತು, ನನ್ನೊಬ್ಬನನ್ನು ಬಿಟ್ಟು. ಏಕೆಂದರೆ ಚುಚ್ಚಬೇಕಾದರೆ ನಿಲ್ಲಿಸಬೇಕು. ಎರಡು ಸೆಕೆಂಡು. ಆ ಎರಡು ಸೆಕೆಂಡು ಇಡೀ ಕ್ವಿಂಟಲ್ ಮೊಣಕಾಲಿಗೆ ಇಳಿಯುತ್ತದೆ. ಇದನ್ನು ಹೇಳಿದೆ. "ಮತ್ತ ಸಿಪ್ಪಿ ಹೊರಬಾರದಿತ್ತಪಾ" ಎಂದರು, ನಮ್ಮವರೇ.

ಸರ್ ಹತ್ತಿರ ಹೋಗಿ, ಯಾರದೋ ಕಥೆ ಎಂಬಂತೆ ಎಲ್ಲವನ್ನೂ ಹೇಳಿದೆ. ಬೇರೆ ಪರಿಹಾರ ಇಲ್ಲವೇ ಸರ್ ಎಂದೆ. ಅವರು ಬೂಟು ಕುಟ್ಟಲಿಲ್ಲ. "ಆಂಬ್ಯುಲೆನ್ಸ್‌ನಲ್ಲಿ ಒಂದೇ ಒಂದು ಸಲ ಬಂದೂಕು ಸಾಗಿಸಿದರೂ ಸಾಕು. ಆಮೇಲೆ ಪ್ರತಿ ಆಂಬ್ಯುಲೆನ್ಸನ್ನೂ ನಿಲ್ಲಿಸಿ ನೋಡ್ತಾರೆ. ಒಳಗಿರೋನು ರಕ್ತ ಸುರಿಸ್ತಾ ಕಾಯ್ತಾನೆ. ಅದನ್ನ ತಪ್ಪು ಅನ್ನೋಕೆ ಆಗಲ್ಲ," ಎಂದರು. ಎದುರಿನ ಪುಸ್ತಕ ಮುಚ್ಚುತ್ತ, "ನಿಮ್ಮ ತಂದೆಯವರ ಮೊಣಕಾಲು ಈಗ ಹೇಗಿದೆ?" ಎಂದರು. ನಾನು ಅಪ್ಪನ ಸುದ್ದಿಯನ್ನೇ ಎತ್ತಿರಲಿಲ್ಲ.

ಪರೀಕ್ಷೆಯಲ್ಲಿ ಯುದ್ಧತಂತ್ರಕ್ಕೂ ವಿಶ್ವಾಸಘಾತಕ್ಕೂ ಇರುವ ವ್ಯತ್ಯಾಸವನ್ನು ಉದಾಹರಣೆ ಸಹಿತ ವಿವರಿಸಿ ಎಂದು ಬಂತು. ಎಲೆ ಹೊದ್ದ ಸೈನಿಕರು, ಬಿಳಿ ಬಾವುಟ, ಪುಸ್ತಕದಲ್ಲಿದ್ದದ್ದನ್ನೇ ಬರೆದೆ. ಪಾಸಾದೆ. ಈಗ ಶಿವಾಜಿನಗರದ ಕೋರ್ಟಿನಲ್ಲಿ ಹಿರಿಯ ವಕೀಲರೊಬ್ಬರ ಫೈಲು ಹೊರುತ್ತೇನೆ, ಒಂದು ರೀತಿಯ ಹಮಾಲಿಯೇ. ನ್ಯಾಯಾಧೀಶರ ನಕಲು ಕ್ಯಾಂಟೀನಿನಲ್ಲಿ ಇನ್ನೂ ಮಾಡುತ್ತೇನೆ. ಅಪ್ಪನ ನಕಲು ಬಿಟ್ಟಿದ್ದೇನೆ.

ಹೋದ ತಿಂಗಳು ಒಂದು ಬೆಳಿಗ್ಗೆ ಕೋರ್ಟಿಗೆ ಹೋಗುವ ಮುಂಚೆ ಡಬ್ಬಿ ಕೊಡಲು ಯಾರ್ಡಿಗೆ ಹೋಗಿದ್ದೆ. ಆ ಮುಕಾದಮ ಊರಿಗೆ ಹೋಗಿ ವರ್ಷಗಳಾದವು. ಹೋಟೆಲಿನವರು ಮಗನಿಗೆ ಗಲ್ಲೆ ಬಿಟ್ಟು ಒಳಗೆ ಇಡ್ಲಿ ನೋಡಿಕೊಳ್ಳುತ್ತಾರೆ. ಶೆಡ್ಡಿನ ಬಾಯಲ್ಲಿ ಅಪ್ಪನನ್ನು ನಿಲ್ಲಿಸಿದವನು ಈಚೆಗೆ ಸೇರಿದ ಯಾರೋ, ನನಗೆ ಪರಿಚಯವಿಲ್ಲ. ಅಪ್ಪ ನಿಂತ. ಅವನು ಕೊಕ್ಕೆ ತೆಗೆದು ಚೀಲಕ್ಕೆ ಒತ್ತಿದ.

"ಯಾಕ ಚುಚ್ಚತೀಯೋ?" ಎಂದು ನಾನು ಕೇಳಿದೆ. ಧ್ವನಿ ಸ್ವಲ್ಪ ಜೋರಾಗಿಯೇ ಬಂತು.

ಅವನು ಗಾಬರಿಯಾಗಿ ನನ್ನ ಕರಿ ಕೋಟು ನೋಡಿದ. "ಗೊತ್ತಿಲ್ರಿ ಸಾಹೇಬ್ರ. ಇಲ್ಲಿ ಮೊದಲಿಂದನೂ ಹಿಂಗ ಪದ್ಧತಿ ಅದರಿ."

ಚೀಲದ ಕೆಳಗಿನಿಂದ ಅಪ್ಪ ಕೊಕ್ಕೆಯವನನ್ನು ಗದರಿದ. "ಅವನ ಕೂಡ ಏನು ಮಾತಾಡ್ತಿ? ಲಗೂ ಚುಚ್ಚು, ಬಿಡು. ಕಾಲು ನಡಗಲಿಕತ್ತದ."